ಐತವಾರದ ಒಪ್ಪತ್ತು

ಹೋಟೆಲಿನೊಳಗೆ ಹೊಕ್ಕರೆ ಅವಳು ಮೊದಲು ನೋಡುತ್ತಿದ್ದದ್ದು ಗೋಡೆಯ ಮೇಲಿನ ಬೋರ್ಡನ್ನಲ್ಲ, ಪಕ್ಕದ ಟೇಬಲಿನವರ ತಟ್ಟೆಯನ್ನು. ಗುರುತಿಲ್ಲದಿದ್ದರೂ ಸರಿ, ಕೂತವರು ಹುರಿಮೀಸೆಯ ಯಜಮಾನರಾದರೂ ಸರಿ, ಹತ್ತಿರ ಹೋಗಿ ಬಗ್ಗಿ, "ಕಾಕಾ, ಒಗ್ಗರಣಿ ಹೆಂಗೈತ್ರಿ ಇವತ್ತು?" ಎಂದು ಕೇಳಿಬಿಡುವಳು. ಕಾಕಾ ಕಕ್ಕಾಬಿಕ್ಕಿಯಾಗಿ "ಚಲೋ ಐತವ್ವ" ಅನ್ನುವಷ್ಟರಲ್ಲಿ ಇವಳು ಕುರ್ಚಿ ಎಳೆದುಕೊಂಡು ಕೂತಾಗಿರುತ್ತಿತ್ತು. ನಾನು ಮತ್ತು ಕವಿತಾ ತಲೆ ತಗ್ಗಿಸಿಕೊಂಡು ಅವಳ ಹಿಂದೆ ನುಸುಳುತ್ತಿದ್ದೆವು. ಒಮ್ಮೆ ಗಲ್ಲಾದಲ್ಲಿ ಕೂತಿದ್ದವರು, "ಹೆಣ್ಮಕ್ಕಳಿಗೆ ಆ ಕಡಿ ಫ್ಯಾಮಿಲಿ ರೂಮ್ ಐತ್ರಿ" ಎಂದು ಕೊಳೆಯಾದ ಪರದೆಯೊಂದನ್ನು ತೋರಿಸಿದರು. "ನಾವು ಫ್ಯಾಮಿಲಿ ಅಲ್ರಿ ಅಣ್ಣಾರ, ಹಸದವರು. ಇಲ್ಲೇ ಫ್ಯಾನಿನ ಕೆಳಗ ಕೂಡ್ರತೀವಿ" ಅಂದಳು. ಇಡೀ ಹೋಟೆಲು ನಕ್ಕಿತು, ಅವರೂ ನಕ್ಕರು. ನಾವು ಫ್ಯಾನಿನ ಕೆಳಗೇ ಕೂತೆವು.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಅವಳಿಗೆ ತೋರಿಸುತ್ತಾರೆ, ಅವಳು ಜಗಳಕ್ಕೆ ಬರುತ್ತಾಳೆ, ಜಗಳ ಮಾಡುತ್ತ ಮಾಡುತ್ತಲೇ ನನ್ನನ್ನು ನಗಿಸಿಬಿಡುತ್ತಾಳೆ. ಆಮೇಲೆ ನನ್ನ ಸಿಟ್ಟು ಎಲ್ಲಿಗೆ ಹೋಗಬೇಕು? ಎಂಟು ವರ್ಷ ಕಾಪಾಡಿಕೊಂಡು ಬಂದ ಸಿಟ್ಟು ಅದು. ಅಷ್ಟು ಸುಲಭಕ್ಕೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ನಾವು ಮೂವರೂ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೆವು. ಸಮುದಾಯ ಆರೋಗ್ಯದ ಪೋಸ್ಟಿಂಗ್ ಅಂತ ಎರಡು ತಿಂಗಳು ನಮ್ಮನ್ನು ಕೂಡ್ಲಿಗಿಗೆ ಹಾಕಿದ್ದರು. ದಿನಾ ಬೆಳಿಗ್ಗೆ ಕಪ್ಪು ಬ್ಯಾಗು ಹೆಗಲಿಗೇರಿಸಿ ಸುತ್ತಲ ಹಳ್ಳಿಗಳಿಗೆ ಹೋಗುವುದು; ಮನೆಯೊಳಗೆ ಹಳೆಯ ಪೇಪರು ಹಾಸಿ, ಅದರ ಮೇಲೆ ಬ್ಯಾಗು ಇಟ್ಟು, ಕೈ ತೊಳೆದು, ಬಸುರಿಯರ ಬಿ.ಪಿ. ನೋಡುವುದು, ಕೂಸುಗಳನ್ನು ತೂಗುವುದು, ಎಲ್ಲವನ್ನೂ ಬರೆದುಕೊಳ್ಳುವುದು. ಮೇಡಂ ಹೊರಡುವಾಗಲೇ ಒಂದು ಕಟ್ಟಪ್ಪಣೆ ಮಾಡಿದ್ದರು: ಹೋದ ಮನೆಗಳಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು. ಒಬ್ಬರ ಮನೆಯಲ್ಲಿ ಚಹಾ ಕುಡಿದು ಇನ್ನೊಬ್ಬರ ಮನೆಯಲ್ಲಿ ಒಲ್ಲೆ ಎಂದರೆ ಮಾತು ಬರುತ್ತದೆ ಎಂದು. ಹಾಗಾಗಿ ಮಧ್ಯಾಹ್ನ ಎರಡಕ್ಕೆ ಬಸ್ಸಿಳಿಯುವ ಹೊತ್ತಿಗೆ ನಮ್ಮ ಹೊಟ್ಟೆಗಳು ತಾಳ ಹಾಕುತ್ತಿದ್ದವು.

ಹಳ್ಳಿಗಳಲ್ಲಿ ಹೊಸ ಮುಖ ಕಂಡರೆ ಮುದುಕಿಯರು ಕೇಳುವುದು ಒಂದೇ ಪ್ರಶ್ನೆ. "ಯಾವ ಪೈಕಿರವ್ವಾ ನೀವು?" ಕವಿತಾ ತನ್ನ ಜಾತಿಯನ್ನು ಥಟ್ಟನೆ ಹೇಳಿಬಿಡುತ್ತಿದ್ದಳು. ನಾನು ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗುತ್ತಿದ್ದೆ. ಇವಳು ಮಾತ್ರ ಬಿ.ಪಿ. ಪಟ್ಟಿ ಸುತ್ತುತ್ತಲೇ, "ನಾವು ಮೂರೂ ಮಂದಿ ನರ್ಸ್ ಪೈಕಿ ಅಜ್ಜಿ. ಕೈ ಸಡ್ಲ ಬಿಡು" ಎನ್ನುತ್ತಿದ್ದಳು. ಆ ಮಾತನ್ನು ಮೊದಲ ಸಲ ಕೇಳಿದ ದಿನವೇ ನಾನು ಅವಳಿಗೆ ಸೋತುಹೋದೆ.

ಇನ್ನು ಅವಳು ನಮ್ಮನ್ನು ತಿನ್ನಿಸಿದ ಊರುಗಳ ಕತೆ. ಕೂಡ್ಲಿಗಿಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಅಕ್ಕ ಒಬ್ಬರು ನಡೆಸುತ್ತಿದ್ದ ಖಾನಾವಳಿ. ಅಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಅವಳು ಇವತ್ತಿನ ಹಿಟ್ಟು ಹೊಸದೋ ಹಳೆಯದೋ ಹೇಳುತ್ತಿದ್ದಳು. ಕೊಟ್ಟೂರಿನಲ್ಲಿ ಒಗ್ಗರಣೆ ಮಂಡಕ್ಕಿ, ಜೊತೆಗೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ. ಲಸಿಕೆ ಶಿಬಿರಕ್ಕೆಂದು ಹರಪನಹಳ್ಳಿಗೆ ಕಳಿಸಿದಾಗ ಬೆಣ್ಣೆ ದೋಸೆ. "ದಾವಣಗೆರಿ ಗಾಳಿ ಇಲ್ಲೀತನ ಬೀಸೈತಲೇ" ಎಂದು ದೋಸೆಯ ವಾಸನೆಯನ್ನು ಕಣ್ಣು ಮುಚ್ಚಿ ಎಳೆದುಕೊಂಡಿದ್ದಳು. ಹಂಪಸಾಗರದ ಕಡೆ ಹೋದಾಗ ಹೊಳೆಮೀನು ಕರಿಯುವ ಘಾಟಿಗೆ ತಡೆಯಲಾರದೆ, ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವಳು ಎರಡು ತುಂಡು ತಿಂದಳು. ಮೂರನೆಯದನ್ನು ಕೈಯಲ್ಲಿ ಹಿಡಿದಿದ್ದಾಗ ಅವ್ವನ ಫೋನು ಬಂತು. "ಹೂನವ್ವ, ಉಂಡ್ವಿ. ರೂಮಿನ್ಯಾಗ ಅನ್ನ ಸಾರು ಮಾಡಿದ್ವಿ" ಎಂದು, ಹಸುಗೂಸಿನ ದನಿಯಲ್ಲಿ ಅಂದಳು. ನಾವು ಬಿದ್ದು ಬಿದ್ದು ನಕ್ಕೆವು.

ತಿನ್ನುವುದರಲ್ಲಿ ಅವಳದೊಂದು ರೀತಿ ಇತ್ತು. ತಟ್ಟೆ ಬಂದ ಕೂಡಲೇ ಅದರಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನು, ದೋಸೆಯ ಗರಿಗರಿ ಅಂಚನ್ನೋ ಬದನೆಕಾಯಿಯ ತೊಟ್ಟನ್ನೋ, ಮುರಿದು ನಮ್ಮ ತಟ್ಟೆಗೆ ಹಾಕುತ್ತಿದ್ದಳು. ಆಮೇಲೆಯೇ ಅವಳ ಬಾಯಿಗೆ ತುತ್ತು. ನಾವು ಬೇಡವೆಂದರೆ, "ಏ, ಅತ್ತಿ ಮನಿಗೆ ಬಂದಂಗ ಮಾಡಬ್ಯಾಡ್ರಿ" ಎಂದು ಗದರುತ್ತಿದ್ದಳು. ಹಾಗೆಂದು ದೇವತೆಯೇನಲ್ಲ. ಮನೆಭೇಟಿಯ ದಾಖಲೆಯನ್ನು ಒಂದು ದಿನವೂ ನೆಟ್ಟಗೆ ಬರೆದವಳಲ್ಲ. ನನ್ನದನ್ನು ನೋಡಿ ಇಳಿಸಿಕೊಂಡು ನನಗಿಂತ ಎರಡು ಮಾರ್ಕು ಹೆಚ್ಚು ಹೊಡೆದಳು. ಕೇಳಿದರೆ, "ನಿನ್ನ ಅಕ್ಷರ ಚಲೋ ಇಲ್ಲಲೇ, ನಾ ಏನ್ ಮಾಡಲಿ?" ಅಂದಳು.

ನಮ್ಮ ಮನೆಯ ವಿಷಯ ಹೇಳಬೇಕು. ನಮ್ಮದು ಬೌದ್ಧರ ಮನೆ. ಅಪ್ಪನ ಕಾಲಕ್ಕೆ ಗೋಡೆಯ ಮೇಲೆ ಬುದ್ಧ ಬಂದ. ಅಪ್ಪನಿಗೆ ಲೈನ್‌ಮನ್ ಕೆಲಸ ಬಂತು, ಸಿಮೆಂಟಿನ ಮನೆ ಬಂತು. ಊರಿನವರ ಬಾಯಲ್ಲಿ ಮಾತ್ರ ನಾವು ಇವತ್ತಿಗೂ ಕೇರಿಯವರೇ. ನನ್ನನ್ನು ಹಾಸ್ಟೆಲಿಗೆ ಬಿಡಲು ಬಂದ ದಿನ ಅಪ್ಪ ಹೇಳಿದ್ದು ಎರಡೇ ಮಾತು. "ಕೇಳದ ಹೇಳಬ್ಯಾಡ. ಕೇಳಿದ್ರ ಮುಚ್ಚಬ್ಯಾಡ." ಹಾಸ್ಟೆಲಿನಲ್ಲಿ ಮೂರು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇವಳೂ ಕೇಳಲಿಲ್ಲ. ಆದರೆ ಕೊಟ್ಟೂರಿನ ಒಂದು ಖಾನಾವಳಿಯಲ್ಲಿ, ಕವಿತಾ ಜೊತೆಗಿಲ್ಲದ ಒಂದು ಮಧ್ಯಾಹ್ನ, ನಾನಾಗಿಯೇ ಹೇಳಿದೆ. ಯಾಕೆ ಹೇಳಿದೆನೋ. ಇಷ್ಟು ದಿನ ಅವಳ ತಟ್ಟೆಯಿಂದ ತಿಂದು ಇಷ್ಟನ್ನೂ ಹೇಳದಿದ್ದರೆ ಹೇಗೆ ಅನ್ನಿಸಿತ್ತು. ಹೇಳಿ ಮುಗಿಸಿ ತಟ್ಟೆ ನೋಡುತ್ತ ಕೂತೆ.

ಅವಳು ತನ್ನ ರೊಟ್ಟಿಯನ್ನು ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು. "ಅದಕ್ಕೇನಾತಲೇ ಈಗ? ರೊಟ್ಟಿ ಆರತೈತಿ, ತಿನ್ನು" ಅಂದಳು.

ನನಗೆ ಅಳು ಬಂತು. ಖಾರ ಹತ್ತಿತೆಂದು ನೀರು ಕುಡಿದೆ. "ಖಾರ ಅಲ್ಲ ಅದು, ನನ್ನ ಮುಂದ ನಾಟಕ ಮಾಡಬ್ಯಾಡ" ಎಂದು ಅವಳೂ ಕಣ್ಣು ಒರೆಸಿಕೊಂಡಳು. ಆ ಕಣ್ಣೀರು ಸುಳ್ಳಲ್ಲ. ಇಂದಿಗೂ ನಾನು ಹಾಗೇ ನಂಬಿದ್ದೇನೆ, ತೊಂದರೆಯೆಲ್ಲ ಅಲ್ಲೇ ಇರುವುದು. ಅದೂ ಸುಳ್ಳಾಗಿದ್ದರೆ ನಾನು ಅವಳನ್ನು ಎಂದೋ ಮರೆತಿರುತ್ತಿದ್ದೆ.

ಪೋಸ್ಟಿಂಗ್ ಮುಗಿಯಲು ಹದಿನೈದು ದಿನ ಇದ್ದಾಗ ಅವಳೇ ಊಟಕ್ಕೆ ಕರೆದಳು. ಹೋಟೆಲಿಗಲ್ಲ, ತನ್ನ ಮನೆಗೆ. ಹಡಗಲಿಯಿಂದ ಮೈಲಾರಕ್ಕೆ ಹೋಗುವ ದಾರಿಯಲ್ಲಿ ಅವಳ ಊರು. ಮಲ್ಲಿಗೆ ತೋಟದವರು. "ಈ ಐತವಾರ ಇಬ್ಬರೂ ಬರಬೇಕು. ಮುಂಜಾನಿ ಏನೂ ತಿನ್ನಬ್ಯಾಡ್ರಿ. ನಮ್ಮವ್ವನ ಕೈಯಾನ ಎಣ್ಣೆಗಾಯಿ ತಿಂದಮ್ಯಾಲೆ ಈ ಖಾನಾವಳಿ ಎಲ್ಲಾ ಮರೀತೀರಿ" ಅಂದಳು. ನಾನು ಒಂದು ಕ್ಷಣ ಅವಳ ಮುಖ ನೋಡಿದೆ. ನಾನೂ ಬರಬಹುದೇ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಅವಳು ನನ್ನ ಭುಜ ತಟ್ಟಿ, "ನೀ ಅಂತೂ ಬರಲೇಬೇಕು" ಅಂದಳು. ಆ ಮಾತು ಕೇಳಿ ನನ್ನ ಹೆಜ್ಜೆಯೇ ಹಗುರಾಯಿತು. ರಾತ್ರಿ ಅಪ್ಪನಿಗೆ ಫೋನು ಮಾಡಿ ಗೆಳತಿಯ ಮನೆಗೆ ಊಟಕ್ಕೆ ಹೊರಟಿದ್ದೇನೆ ಎಂದೆ. ಅಪ್ಪ, "ಆಕಿಗೆ ಗೊತ್ತೈತಿಲ್ಲ?" ಎಂದರು. "ಗೊತ್ತೈತಪ್ಪ" ಎಂದೆ. ಎಷ್ಟು ಹೆಮ್ಮೆಯಿಂದ ಹೇಳಿದೆನೆಂದರೆ, ಈಗ ನೆನೆದರೆ ಮೈ ಉರಿಯುತ್ತದೆ.

ಬೆಳಿಗ್ಗೆ ಮೂವರೂ ಖಾಲಿ ಹೊಟ್ಟೆಯಲ್ಲಿ ಹೊರಟೆವು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಡಗಲಿ, ಅಲ್ಲಿಂದ ಟಂಟಂ ಆಟೋ. ಮನೆ ತಲುಪಿದಾಗ ಹನ್ನೆರಡು ದಾಟಿತ್ತು. ಹಳೆಯ ಕಾಲದ ದೊಡ್ಡ ಮನೆ, ಮುಂದೆ ಕಟ್ಟೆ, ಒಳಗೆ ಕಂಬಗಳ ಪಡಸಾಲೆ, ಮೂಲೆಯಲ್ಲಿ ಒದ್ದೆ ಬಟ್ಟೆಯ ಕೆಳಗೆ ಮಲ್ಲಿಗೆ ಮೊಗ್ಗಿನ ರಾಶಿ. ಅವಳ ತಾಯಿ ಕಾಲಿಗೆ ನೀರು ಕೊಟ್ಟು, ನಮ್ಮಿಬ್ಬರ ಗಲ್ಲ ಸವರಿ, "ಎಷ್ಟು ಬಡವಾಗೀರವ್ವಾ. ಊರು ತಿರಗಿಸಿ ತಿರಗಿಸಿ ಸಾಯಿಸ್ತಾರೇನು ನಿಮ್ಮನ್ನ?" ಎಂದರು. ಒಳಗಿನಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. ಅವಳ ತಾಯಿ ಮೂರು ತಟ್ಟೆ ತಂದು ಹಾಕಿದರು.

ಆಗ ಅವಳು, ನನ್ನ ಕಡೆ ನೋಡದೆ, ಅಂದಳು: "ಯವ್ವಾ, ಆಕಿಗೆ ಹಾಕಬ್ಯಾಡ. ಆಕಿ ಐತವಾರ ಮೈಲಾರಪ್ಪನ ಒಪ್ಪತ್ತು ಇರತಾಳ. ರಾತ್ರಿ ಪೂಜಿ ಮಾಡೇ ಉಣ್ಣಾಕಿ."

ಏನು ಹೇಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಮೂರನೆಯ ತಟ್ಟೆ ಒಳಗೆ ಹೋಗಿತ್ತು. ಅಪ್ಪ ಹೇಳಿದ್ದರು, ಕೇಳಿದರೆ ಮುಚ್ಚಬೇಡ ಎಂದು. ಆ ತಾಯಿ ಕೇಳಲೇ ಇಲ್ಲವಲ್ಲ! ಕೇಳುವುದಕ್ಕೆ ಮೊದಲೇ ಮಗಳು ಮುಚ್ಚಿಬಿಟ್ಟಿದ್ದಳು. ಕವಿತಾಳಿಗೆ ನನ್ನ ಮನೆಯ ವಿಷಯ ಗೊತ್ತಿರಲಿಲ್ಲ. ಅವಳು ಅಚ್ಚರಿಯಿಂದ, "ಹೌದೇನಲೇ? ಮತ್ತ ಮದ್ಲ ಹೇಳಬಾರದಾ?" ಎಂದು ರೊಟ್ಟಿ ಮುರಿದಳು.

ನಾನು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಅವರಿಬ್ಬರೂ ಎದುರಿಗೇ ಉಣ್ಣುತ್ತಿದ್ದರು. ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ನಾನು ಉಂಡಿರಲಿಲ್ಲವಲ್ಲ, ತಲೆಯೆತ್ತಿ ಎಣಿಸಿದೆ. ಹದಿನೇಳು ಇದ್ದವು.

ಸುಳ್ಳಿಗೆ ಕಾಲಿಲ್ಲ ಎಂದರೂ ಆ ಸುಳ್ಳು ಎದ್ದು ನಡೆಯಿತು. ಒಪ್ಪತ್ತು ಇರುವ ಹುಡುಗಿಯೆಂದು ಆ ತಾಯಿಗೆ ನನ್ನ ಮೇಲೆ ಎಲ್ಲಿಲ್ಲದ ಭಕ್ತಿ ಬಂತು. ಈಗಿನ ಕಾಲದ ಹುಡುಗಿಯರಲ್ಲಿ ಇಷ್ಟು ನೇಮ ಯಾರಿಗಿದೆ ಎಂದು ಮಗಳಿಗೆ ಬೈದರು. ಆಮೇಲೆ ನನ್ನ ಕೈ ಹಿಡಿದು ಎಬ್ಬಿಸಿ, "ಬಾರವ್ವ, ನಮ್ಮನಿ ದೇವ್ರೂ ಮೈಲಾರಪ್ಪನ. ದೇವ್ರ ಜಗಲಿ ಮುಂದ ಹಣಿಗೆ ಭಂಡಾರ ಹಚ್ಚಿಕೊಂಡು ಕೂಡ್ರುವಂತಿ" ಎಂದು ದೇವರ ಕೋಣೆಯ ಕಡೆಗೆ ನಡೆಸಿಕೊಂಡು ಹೊರಟರು. ಅಡಿಗೆಮನೆಯಿಂದ ದೂರ ಇಡಲು ಹೇಳಿದ ಸುಳ್ಳು ನನ್ನನ್ನು ದೇವರ ಕೋಣೆಗೇ ಒಯ್ಯುತ್ತಿತ್ತು. ನಾನು ಹಿಂದೆ ತಿರುಗಿ ಅವಳನ್ನು ನೋಡಿದೆ. ಅವಳ ಮುಖ ಬೆಳ್ಳಗಾಗಿತ್ತು. ತುತ್ತು ಬಾಯಲ್ಲಿರುವಾಗಲೇ ಕೂಗಿದಳು.

"ಯವ್ವಾ! ಆಕಿ ಹೊರಗಾಗ್ಯಾಳ!"

ಮುಟ್ಟಾದವಳು ದೇವರ ಹತ್ತಿರ ಹೋಗುವಂತಿಲ್ಲವಲ್ಲ. ತಾಯಿ ಸರಕ್ಕನೆ ಕೈ ಬಿಟ್ಟರು. ಬಿಟ್ಟರೂ ಸಿಟ್ಟಾಗಲಿಲ್ಲ. "ಅಯ್ಯ ತಂಗಿ, ಹೊರಗಾದಾಗ ಒಪ್ಪತ್ತು ನಡ್ಯಂಗಿಲ್ಲವ್ವ. ನೀ ಉಂಡ್ರ ದೇವ್ರೇನು ಒಲ್ಲೆ ಅಂತಾನ? ಸುಮ್ನ ಹೊಟ್ಟಿ ಸುಟ್ಕೊಬ್ಯಾಡ. ಕಟ್ಟಿ ಮ್ಯಾಲ ಕೂಡ್ರು, ಅಲ್ಲೇ ನೀಡ್ತೀನಿ" ಎಂದರು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಅವರು ಮುತ್ತುಗದ ಎಲೆಯೊಂದನ್ನು ಮುಂದೆ ಸರಿಸಿ, ಮುಟ್ಟದ ಹಾಗೆ ಮೇಲಿನಿಂದ ಎರಡು ರೊಟ್ಟಿ ಬಿಟ್ಟರು. ಪಲ್ಯವನ್ನೂ ಮೇಲಿನಿಂದಲೇ ಸುರಿದರು.

ನಮ್ಮ ಅಜ್ಜಿ ಇಂಥದೇ ಹೂವಿನ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಒಡೆಯರ ಕಟ್ಟೆಯ ಕೆಳಗೆ ಕೂತು ಸೆರಗು ಒಡ್ಡುತ್ತಿದ್ದಳಂತೆ, ರೊಟ್ಟಿ ಮೇಲಿನಿಂದ ಬೀಳುತ್ತಿತ್ತಂತೆ. ಅದನ್ನು ಅಪ್ಪ ನಮಗೆ ಒಂದೇ ಸಲ ಹೇಳಿದ್ದರು, ಮತ್ತೆ ಯಾವತ್ತೂ ಎತ್ತಲಿಲ್ಲ. ಆ ದಿನ ನಾನು ಅದೇ ರೊಟ್ಟಿಯ ಮುಂದೆ ಕೂತಿದ್ದೆ. ಆ ತಾಯಿಯ ಕಣ್ಣಲ್ಲಿ ನಿಜವಾದ ಮರುಕವಿತ್ತು. ಅಜ್ಜಿಗೆ ರೊಟ್ಟಿ ಹಾಕಿದವರ ಕಣ್ಣಲ್ಲೂ ಇದ್ದಿರಬಹುದು. ಹೊಟ್ಟೆನೋವೆಂದು ಎಲೆ ಮಡಚಿದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊಸ್ತಿಲು ದಾಟಿ ನನ್ನ ಪಕ್ಕಕ್ಕೆ ಬಂದು ಕೂತಿದ್ದರೂ ಸಾಕಿತ್ತು, ನಾನು ಎಲ್ಲವನ್ನೂ ನುಂಗಿಕೊಂಡುಬಿಡುತ್ತಿದ್ದೆ. ಅವಳು ಬರಲಿಲ್ಲ.

ವಾಪಸು ಬರುವಾಗ ಹಡಗಲಿಯಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಕವಿತಾ ಹೂವು ಕೊಳ್ಳಲು ಹೋದಳು. ಇವಳು ನನ್ನ ಮೊಣಕೈ ಹಿಡಿದು ಎದುರಿನ ಹೋಟೆಲಿಗೆ ಎಳೆದಳು. "ಬಾರಲೇ, ನೀ ಮುಂಜಾನಿಂದ ಏನೂ ಉಂಡಿಲ್ಲ." ಮಸಾಲೆ ದೋಸೆ ತರಿಸಿ, ಯಾವತ್ತಿನಂತೆ ಅಂಚು ಮುರಿದು ನನ್ನ ಕಡೆ ಇಟ್ಟಳು.

"ಯಾಕ ಹಂಗ ಹೇಳಿದಿ?" ಎಂದೆ.

"ನಿನಗ ಅವಮಾನ ಆಗಬಾರದು ಅಂತ. ನಮ್ಮವ್ವ ಪಾಪದಾಕಿ. ಆದ್ರ ನಮ್ಮ ದೊಡ್ಡಪ್ಪ ಇದ್ದ ಒಳಗ. ಪೂರ್ತಾ ಹೆಸರು ಕೇಳ್ತಾನ, ಊರು ಕೇಳ್ತಾನ, ಯಾವ ಓಣಿ ಅಂತಾನ. ಉಣ್ಣಾಗ ಎಬ್ಬಿಸಿದ್ರ ನಿನಗ ಹೆಂಗ ಅನ್ನಸ್ತಿತ್ತು?"

"ಹಂಗಾರ ಯಾಕ ಕರದಿ?"

ಅವಳು ದೋಸೆಯ ಇನ್ನೊಂದು ಅಂಚು ಮುರಿದಳು. "ಕರೀಬೇಕು ಅನ್ನಿಸ್ತಲೇ" ಅಂದಳು. ಆಮೇಲೆ, "ಆರತೈತಿ, ತಿನ್ನು" ಅಂದಳು.

ತಿಂದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಎರಡು ದೋಸೆ ತಿಂದೆ. ಹಸಿವು ಅಷ್ಟಿತ್ತು. ಅಲ್ಲೇ ತಟ್ಟೆ ದೂಡಿ ಎದ್ದು ಬಂದಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ನನ್ನ ತಟ್ಟೆ ಖಾಲಿಯಾಗುವುದನ್ನು ಅವಳು ಸಮಾಧಾನದಿಂದ ನೋಡಿದಳು. ಅವಳ ಮಟ್ಟಿಗೆ ಅಲ್ಲಿಗೆ ವಿಷಯ ಮುಗಿದಿತ್ತು.

ಪೋಸ್ಟಿಂಗ್ ಮುಗಿಯಿತು, ಕೋರ್ಸೂ ಮುಗಿಯಿತು. ನಾನು ಇದೇ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆದೆ. ಅವಳು ಮದುವೆಯಾಗಿ ಹರಪನಹಳ್ಳಿಗೆ ಹೋದಳು. ಅಲ್ಲಿ ಅವಳಿಗೂ ಕೆಲಸವಿದೆ. ಗೆಳೆತನ ಕಡಿದುಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತರಬೇತಿಗೆ, ಮೀಟಿಂಗಿಗೆ ಸೇರಿದಾಗಲೆಲ್ಲ ಅವಳು "ನಡೀಲೇ" ಅನ್ನುತ್ತಿದ್ದಳು, ನಾನು ನಡೆಯುತ್ತಿದ್ದೆ. ಹೋಟೆಲುಗಳಲ್ಲಿ ಅವಳು ಇಂದಿಗೂ ಅದೇ ಅವಳು. ಅಂಚು ಮುರಿದು ನನ್ನ ತಟ್ಟೆಗೆ ಹಾಕುತ್ತಾಳೆ, ಮಗನ ತುಂಟತನ ಹೇಳಿ ನಗಿಸುತ್ತಾಳೆ. ನಾನು ನಗುತ್ತಲೇ ಕಾಯುತ್ತಿದ್ದೆ. ಒಂದಲ್ಲ ಒಂದು ದಿನ, ಕೈ ತೊಳೆಯುವ ಹೊತ್ತಿಗಾದರೂ, ಅವತ್ತು ತಪ್ಪಾಯಿತಲೇ ಎಂದು ಅನ್ನುತ್ತಾಳೆ ಎಂದು. ಅವಳ ಬಾಯಿಂದ ಬೇರೆ ಎಲ್ಲ ಮಾತೂ ಬಂದವು, ಅದೊಂದು ಬರಲಿಲ್ಲ.

ಮೊನ್ನೆ ಫೋನು ಮಾಡಿದ್ದಳು. ಹೊಸ ಮನೆ ಕಟ್ಟಿಸಿದ್ದಾಳೆ, ಗೃಹಪ್ರವೇಶ, ಗುರುವಾರ ಊಟಕ್ಕೆ ಬರಲೇಬೇಕು. ಹೋಳಿಗೆ, ಹಾಗಲಕಾಯಿ ಗೊಜ್ಜು ಎಂದು ಅಡಿಗೆಯನ್ನೆಲ್ಲ ಹೇಳಿದಳು. ಮಾತಿನ ನಡುವೆ ಸ್ವಲ್ಪ ದನಿ ತಗ್ಗಿಸಿ, ಉಪಕಾರ ಮಾಡುವವಳ ಹಾಗೆ, "ಊಟದ್ದು ಹೊರಗ ಪೆಂಡಾಲದಾಗ ಮಾಡೇವಿ. ಒಳಗ ಬರೋ ಕೆಲಸನ ಇಲ್ಲ. ನಿನಗೇನೂ ತ್ರಾಸ ಆಗಂಗಿಲ್ಲ" ಅಂದಳು.

ಅಂದರೆ ಅವಳು ಮರೆತಿರಲಿಲ್ಲ. ಇಷ್ಟು ವರ್ಷ ಎಲ್ಲವೂ ನೆನಪಿತ್ತು.

"ಮನಿ ಯಾರದು?" ಎಂದು ಕೇಳಿದೆ.

"ನಂದಲೇ! ನನ್ನ ಪಗಾರದಾಗ ಸಾಲ ತಗೊಂಡು ಕಟ್ಟಿಸೀನಿ" ಎಂದು ನಕ್ಕಳು.

"ನಿಂದಾದ್ರ ನನ್ನ ಒಳಗ ಕೂಡ್ರಿಸಿ ಉಣ್ಣಾಕ ನೀಡು. ಬರತೀನಿ" ಎಂದೆ. "ಅವತ್ತು ನಂದು ಒಪ್ಪತ್ತು ಇರಲಿಲ್ಲ. ನಾ ಹಸದಿದ್ದೆ."

ನಾನು ಕಾದೆ. ಅವಳು "ಹೂಂ" ಅಂದಿದ್ದರೆ ಸಾಕು, ಆ ದಿನದ ಡ್ಯೂಟಿ ಬಿಟ್ಟು ಓಡುತ್ತಿದ್ದೆ. ಅಷ್ಟರಲ್ಲಿ ದೂರದಿಂದ ವಯಸ್ಸಾದ ಹೆಂಗಸಿನ ದನಿ ಬಂತು. "ಯಾರವ್ವಾ ಫೋನಿನ್ಯಾಗ?"

"ಯಾರೂ ಅಲ್ರಿ ಅತ್ತಿ" ಅಂದಳು ಅವಳು.

ಆಮೇಲೆ ನನಗೆ, ಏನೂ ಆಗದವಳ ಹಾಗೆ, ಅದೇ ಅಕ್ಕರೆಯ ದನಿಯಲ್ಲಿ, "ಬರತೀಯಲ್ಲಲೇ?" ಎಂದು ಕೇಳಿದಳು.

ಇಲ್ಲ ಎಂದೆ. ಅವಳು ಊಟಕ್ಕೆ ಕರೆದಾಗ ನಾನು ಇಲ್ಲ ಎಂದದ್ದು ಅದೇ ಮೊದಲು.